ಚಿಕ್ಕಪ್ಪನಿಗೆ ದಾಳಿಂಬೆ ಬಂತು

ನಮ್ಮ ಚಿಕ್ಕಪ್ಪನ ಕಥೆ ಮುಗಿಯಿತು ಎಂಬ ಸುದ್ದಿ ಬೀದಿಯಲ್ಲೆಲ್ಲ ಹಬ್ಬಿದ ಹೊತ್ತಿಗೆ ಸರಿಯಾಗಿ ಅವರು ಅಡುಗೆಮನೆಯಲ್ಲಿ ತಟ್ಟೆ ಮುಂದೆ ಮಾಡಿ, ಇನ್ನೊಂದು ಸಲ ಬಡಿಸು ಎನ್ನುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಯಾರಾದರೂ ಅವರಿಗಾಗಿ ಮೂಗು ಒರೆಸಿಕೊಂಡರೆ ಆ ಪಾಪ ನನಗೆ ಸುತ್ತಿಕೊಳ್ಳಬಾರದು.

ನಾನು ಅವರ ಅಣ್ಣನ ಮಗ. ಅವರ ಮನೆಯ ಮೇಲಿನ ಮಹಡಿಯಲ್ಲಿ ನನ್ನದೊಂದು ಕೋಣೆ. ನಿದ್ದೆ ಮೇಲೆ, ಊಟ ಕೆಳಗೆ. ಚಿಕ್ಕಪ್ಪ ನೀರು ಸರಬರಾಜು ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂರುವವರು. ನಲ್ಲಿಯಲ್ಲಿ ನೀರು ಬರಲಿಲ್ಲ ಎಂದು ಬಂದವರಿಗೆ, ನೀರು ಯಾಕೆ ಬರಲಿಲ್ಲ ಎಂಬುದೊಂದನ್ನು ಬಿಟ್ಟು ಜಗತ್ತಿನ ಉಳಿದೆಲ್ಲವನ್ನೂ ವಿವರಿಸುವುದು ಅವರ ಕೆಲಸ. ವಿವರಿಸಿ ವಿವರಿಸಿ ಅದೊಂದು ಚಟವಾಗಿಬಿಟ್ಟಿತ್ತು. ಕಚೇರಿ ಬಾಗಿಲು ಹಾಕಿದರೂ ಚಿಕ್ಕಪ್ಪನ ಬಾಯಿಗೆ ಬಾಗಿಲಿರಲಿಲ್ಲ.

ಅವರು ಹೀಗೆ ವಿವರಿಸಿದ ಸಂಗತಿಗಳಲ್ಲಿ ಜ್ಯೂಸಣ್ಣನೂ ಒಬ್ಬ. ಬೀದಿಯ ತಿರುವಿನಲ್ಲಿ, ದರ್ಜಿಯ ಅಂಗಡಿಗೆ ಬೆನ್ನು ಕೊಟ್ಟು ನಿಂತ ಒಂದು ಗೂಡು ಅವನ ಅಂಗಡಿ. ಒಂದು ಮಿಕ್ಸಿ, ಒಂದು ಜಾಲರಿ, ಗ್ಲಾಸು ಅದ್ದುವ ಬಕೆಟ್ಟು, ಸುತ್ತ ಹಣ್ಣಿನ ಬುಟ್ಟಿಗಳು. ಯಾವ ಯಾವ ಜ್ಯೂಸು ಸಿಗುತ್ತದೆ ಎಂದು ಬರೆದ ಬೋರ್ಡೊಂದು ಇತ್ತು. ಬಿಸಿಲಿಗೆ ಅದರ ಅಕ್ಷರಗಳೆಲ್ಲ ಹಾರಿಹೋಗಿ ಬರೀ ಹಲಗೆ ಉಳಿದಿತ್ತು. ಹಾಗಾಗಿ ಯಾರೂ ಇಂಥದ್ದೇ ಬೇಕು ಎಂದು ಕೇಳುತ್ತಿರಲಿಲ್ಲ. "ಒಂದು ಗ್ಲಾಸ್ ಕೊಡಪ್ಪ" ಎಂದರೆ ಸಾಕು. ಜ್ಯೂಸಣ್ಣ ಕಣ್ಣು ಕಿರಿದು ಮಾಡಿ ಗಿರಾಕಿಯ ಮುಖವನ್ನು ಒಂದು ಗಳಿಗೆ ದಿಟ್ಟಿಸುತ್ತಿದ್ದ. ಆಮೇಲೆ ಮಾತಿಲ್ಲದೆ ಕೈ ಯಾವುದೋ ಒಂದು ಬುಟ್ಟಿಗೆ ಹೋಗುತ್ತಿತ್ತು. ಕೊಟ್ಟದ್ದನ್ನು ಕುಡಿದು ಎಲ್ಲರೂ ಅವರವರ ಕೆಲಸಕ್ಕೆ ಹೋಗುತ್ತಿದ್ದರು. ಸುಖವಾಗಿತ್ತು.

ಒಂದು ಸಲ ಚಿಕ್ಕಪ್ಪನಿಗೆ ಗಂಟಲು ಕಟ್ಟಿತ್ತು. ಜ್ಯೂಸಣ್ಣ ಅವರ ಮುಖ ನೋಡಿದ, ಅನಾನಸ್ ಹಿಂಡಿ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಗಂಟಲು ಬಿಟ್ಟಿತು. ಅಷ್ಟೇ ಸಾಕಾಯಿತು ನೋಡಿ.

"ಅವನು ಸಾಮಾನ್ಯದವನಲ್ಲ ಕಣೋ," ಎಂದರು ನನಗೆ. "ಮುಖ ನೋಡ್ತಾನೆ, ಒಳಗೆ ಏನು ಕೆಟ್ಟಿದೆ ಅಂತ ತಿಳ್ಕೋತಾನೆ, ಅದಕ್ಕೆ ತಕ್ಕ ಹಣ್ಣು ಕೊಡ್ತಾನೆ. ಬಾಯಿ ಬಿಟ್ಟು ಒಂದು ಮಾತು ಹೇಳಲ್ಲ. ದೊಡ್ಡೋರೆಲ್ಲ ಹಾಗೇ ಇರೋದು."

"ಗಂಟಲು ನೋವು ಮಧ್ಯಾಹ್ನಕ್ಕೆ ತಾನಾಗೇ ಹೋಗುತ್ತಲ್ಲ ಚಿಕ್ಕಪ್ಪ?"

"ನಿನ್ನಂಥೋರಿಗೆ ಹೇಳಿ ಪ್ರಯೋಜನ ಇಲ್ಲ ಬಿಡು," ಎಂದು ಅವರು ಪ್ರಯೋಜನವಿರುವವರನ್ನು ಹುಡುಕಿಕೊಂಡು ಹೋದರು. ದೂರಿನ ಕಿಟಕಿಗೆ ಬಂದ ಪ್ರತಿಯೊಬ್ಬರಿಗೂ ಹೇಳಿದರು. ಪಪ್ಪಾಯಿ ಕೊಟ್ಟರೆ ಹೊಟ್ಟೆ ಕೆಟ್ಟಿದೆ ಎಂದರ್ಥ. ಕಲ್ಲಂಗಡಿ ಕೊಟ್ಟರೆ ಉಷ್ಣ. ಸಪೋಟ ಕೊಟ್ಟರೆ ನಿದ್ದೆ ಸಾಲದು. ಮೂಸಂಬಿ ಕೊಟ್ಟರೆ ನಿಶ್ಶಕ್ತಿ. ಸೀಬೆ ಕೊಟ್ಟರೆ ಮನಸ್ಸಿನಲ್ಲಿ ಏನೋ ಕೊರೆಯುತ್ತಿದೆ. ಇದನ್ನೆಲ್ಲ ಅವರು ಎಲ್ಲಿಂದ ತಂದರು ಎಂದು ಯಾರೂ ಕೇಳಲಿಲ್ಲ. ಕಿಟಕಿಯ ಹಿಂದೆ ಕೂತವರು ಹೇಳಿದ್ದನ್ನು ನಂಬುವುದು ಜನರಿಗೆ ಅಭ್ಯಾಸವಾಗಿಹೋಗಿದೆ.

ಬೀದಿಯ ನೆಮ್ಮದಿ ಅಲ್ಲಿಗೆ ಹೋಯಿತು. ಮೊದಲು ಜನ ತಮ್ಮ ಗ್ಲಾಸು ತಾವು ಕುಡಿಯುತ್ತಿದ್ದರು. ಈಗ ಪಕ್ಕದವರ ಗ್ಲಾಸು ನೋಡತೊಡಗಿದರು. ದರ್ಜಿಗೆ ಸಾಲಾಗಿ ಪಪ್ಪಾಯಿ ಬಂತೆಂದು ಅವನ ಹೆಂಡತಿ ಮನೆಯಲ್ಲಿ ಎಣ್ಣೆ ಬಂದ್ ಮಾಡಿದಳು. ಚಿಕ್ಕಪ್ಪನ ಕಚೇರಿಯ ಸಾಹೇಬರಿಗೆ ಸಪೋಟ ಬಂದದ್ದು ತಿಳಿದು, ಗುಮಾಸ್ತರೆಲ್ಲ ಅವರ ಕೋಣೆಯ ಮುಂದೆ ತುದಿಗಾಲಲ್ಲಿ ನಡೆದರು.

ಇನ್ನು ದಾಳಿಂಬೆ. ಹಿಂದಿನ ವರ್ಷ ನಮ್ಮ ಬೀದಿಯ ಬ್ಯಾಂಡ್ ಮಾಸ್ಟರು ತೀರಿಕೊಂಡಿದ್ದರು. ಕೊನೆಗಾಲದಲ್ಲಿ ಕೋಲೂರಿಕೊಂಡು ಬಂದು ದಾಳಿಂಬೆ ರಸ ಕುಡಿದು ಹೋಗುತ್ತಿದ್ದರು. ಅವರಿಗೆ ಆಗ ತೊಂಬತ್ತು ದಾಟಿತ್ತು, ಬಾಯಲ್ಲಿ ಹಲ್ಲಿರಲಿಲ್ಲ, ಸಾಯುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ. ಆದರೆ ಹೆಣದ ಪಕ್ಕದಲ್ಲಿ ನಿಂತು ಚಿಕ್ಕಪ್ಪ ನಿಟ್ಟುಸಿರು ಬಿಟ್ಟು, "ನಂಗೆ ಆವತ್ತೇ ಗೊತ್ತಾಯ್ತು. ಅವನು ಯಾವತ್ತು ದಾಳಿಂಬೆಗೆ ಕೈ ಹಾಕಿದ್ನೋ, ಆವತ್ತೇ ಅಂದ್ಕೊಂಡೆ," ಎಂದರು. ಕೇಳಿಸಿಕೊಂಡವರೆಲ್ಲ ತಲೆಯಾಡಿಸಿದರು. ಅಂದಿನಿಂದ ದಾಳಿಂಬೆ ಎಂದರೆ ಮುಗೀತು ಎಂದೇ ಅರ್ಥವಾಯಿತು. ಈ ಕಾನೂನು ಮಾಡಿದವರು ಯಾರು ಎಂಬುದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಒಂದು ಬೆಳಗ್ಗೆ ಚಿಕ್ಕಪ್ಪ ಎಂದಿನಂತೆ ಎಲ್ಲರಿಗಿಂತ ಮೊದಲು ಹೋಗಿ ಅಂಗಡಿ ಮುಂದೆ ನಿಂತರು. ನಾನೂ ಜೊತೆಗಿದ್ದೆ. ದರ್ಜಿ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಜ್ಯೂಸಣ್ಣ ಕಣ್ಣು ಕಿರಿದು ಮಾಡಿ ಚಿಕ್ಕಪ್ಪನ ಮುಖ ನೋಡಿದ. ಕೈ ಕೆಳಗೆ ಹೋಯಿತು. ಮೇಲೆ ಬಂದಾಗ ಅದರಲ್ಲಿ ದಾಳಿಂಬೆ ಇತ್ತು.

ಚಿಕ್ಕಪ್ಪ ಆ ಕೆಂಪು ಗ್ಲಾಸನ್ನು ಬೆಳಕಿಗೆ ಎತ್ತಿ ನೋಡಿದರು. ದರ್ಜಿ ಅರ್ಧ ಎತ್ತಿದ ಬಾಗಿಲನ್ನು ಹಾಗೇ ಬಿಟ್ಟು ಬಂದ.

"ಸಾರ್... ಕೆಂಪು."

"ಕಾಣಿಸ್ತಿದೆ."

"ಇರ್ಲಿ ಸಾರ್, ಕುಡೀರಿ. ಕುಡಿದ್ರೂ ಅಷ್ಟೆ, ಬಿಟ್ರೂ ಅಷ್ಟೆ."

ಯಾಕಪ್ಪಾ ಕೊಟ್ಟೆ ಎಂದು ಒಂದು ಮಾತು ಕೇಳಬಹುದಿತ್ತು. ಆದರೆ ದೊಡ್ಡವರನ್ನು ಪ್ರಶ್ನೆ ಕೇಳಬಾರದು ಎಂಬುದೂ ಚಿಕ್ಕಪ್ಪನೇ ಮಾಡಿದ ನಿಯಮ. ಕುಡಿದು, ಗ್ಲಾಸು ಮೆಲ್ಲಗೆ ಇಟ್ಟು, ಮನೆಗೆ ಬಂದು ಕನ್ನಡಿಯ ಮುಂದೆ ನಾಲಿಗೆ ಚಾಚಿಕೊಂಡು ನಿಂತರು. ನಾಲಿಗೆಯೂ ಕೆಂಪಾಗಿತ್ತು.

ಮರುದಿನ ಅವರು ನೀಟಾಗಿ ಗಡ್ಡ ಬೋಳಿಸಿ, ಹೊಸ ಅಂಗಿ ತೊಟ್ಟು, ಎದೆ ಉಬ್ಬಿಸಿಕೊಂಡು ಹೋದರು. ಜ್ಯೂಸಣ್ಣ ಆ ದಿನ ಇನ್ನೂ ಹೆಚ್ಚು ಹೊತ್ತು ದಿಟ್ಟಿಸಿದ. ಮತ್ತೆ ದಾಳಿಂಬೆ, ಅದೂ ದೊಡ್ಡ ಗ್ಲಾಸಿನಲ್ಲಿ. ಅದರ ಮರುದಿನವೂ ಅದೇ.

ಬೀದಿಯವರು ಒಳ್ಳೆಯವರು. ಸುದ್ದಿ ತಿಳಿದ ಕೂಡಲೇ ಚಿಕ್ಕಪ್ಪನ ಜೊತೆ ಎಲ್ಲರೂ ಮೆತ್ತಗೆ ಮಾತಾಡತೊಡಗಿದರು. ದರ್ಜಿ ಅಳತೆ ಟೇಪು ಹಿಡಿದು ಮನೆಗೇ ಬಂದ. "ಪ್ಯಾಂಟು ಸಡಿಲ ಆಗಿರ್ಬೇಕಲ್ಲ ಸಾರ್, ಹಿಡಿದು ಕೊಡ್ತೀನಿ," ಎಂದು ಸೊಂಟ ಅಳೆದ. ಅಳೆದು ಹುಬ್ಬು ಗಂಟಿಕ್ಕಿದ. ಸೊಂಟ ಒಂದು ಬೆರಳು ಹೆಚ್ಚೇ ಆಗಿತ್ತು. "ಊತ," ಎಂದ ನನ್ನ ಕಿವಿಯಲ್ಲಿ.

ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರು ಸಂಜೆ ಬಂದು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಚಿಕ್ಕಪ್ಪ ಮಂಚದ ಮೇಲಿರಲಿಲ್ಲ. ಹಿತ್ತಿಲಲ್ಲಿ ಸೈಕಲ್ ತೊಳೆಯುತ್ತಿದ್ದರು. "ಪರವಾಗಿಲ್ಲ, ಬಂದು ಮಲಗ್ಲಿ, ಕಾಯ್ತೀನಿ," ಎಂದರು ಮಾಸ್ತರು.

ಕಚೇರಿಯಲ್ಲಿ ಸಾಹೇಬರು ತಮ್ಮ ಕೋಣೆಯ ಫ್ಯಾನನ್ನೇ ಚಿಕ್ಕಪ್ಪನ ಕಿಟಕಿಗೆ ತರಿಸಿದರು. "ಇಷ್ಟು ವರ್ಷ ಈ ಕಿಟಕಿಯಲ್ಲಿ ಒಂದೇ ಮುಖ ನೋಡಿ ಅಭ್ಯಾಸ ಆಗಿತ್ತು," ಎಂದು ಭಾರವಾದ ದನಿಯಲ್ಲಿ ಶುರುಮಾಡಿ, ನಡುವೆ ತಟ್ಟನೆ, "ಅಂದ್ರೆ, ಆಗಿದೆ," ಎಂದು ತಿದ್ದಿಕೊಂಡರು. ಚಿಕ್ಕಪ್ಪ ಸಂಜೆ ಬಂದು ಆ ತಿದ್ದುಪಡಿಯನ್ನು ನಮಗೆ ಹೇಳಿ ಕಣ್ಣು ತುಂಬಿಕೊಂಡರು.

ಚಿಕ್ಕಮ್ಮ ಮಾತ್ರ ಇದಕ್ಕೆಲ್ಲ ಬಗ್ಗುವವರಲ್ಲ. "ರೀ, ನಿನ್ನೆ ನನ್ನ ಪಾಲಿಂದೂ ನೀವೇ ಊಟ ಮಾಡಿದ್ರಿ. ಸಾಯೋರು ಹೀಗೆ ಉಣ್ತಾರಾ? ಸುಮ್ನೆ ಡಾಕ್ಟ್ರ ಹತ್ರ ಹೋಗಿ ಬನ್ನಿ."

ಡಾಕ್ಟರು ಎದೆ, ಬೆನ್ನು, ಹೊಟ್ಟೆ, ರಕ್ತ ಎಲ್ಲ ನೋಡಿ, "ನಿಮಗೆ ಏನೂ ಆಗಿಲ್ಲ, ಮನೆಗೆ ಹೋಗಿ," ಎಂದರು. ಚಿಕ್ಕಪ್ಪ ಬಾಗಿಲಲ್ಲಿ ಕಾಯುತ್ತಿದ್ದ ಜನರಿಗೆ ಅದನ್ನೇ ಹೇಳಿದರು.

"ಏನೂ ಇಲ್ಲ, ಮನೆಗೆ ಹೋಗಿ ಅಂದ್ರಾ?" ದರ್ಜಿ ತಲೆಯ ಮೇಲೆ ಕೈಯಿಟ್ಟುಕೊಂಡ. "ಒಂದು ಮಾತ್ರೆನೂ ಕೊಡ್ಲಿಲ್ವಾ?"

"ಇಲ್ಲ."

"ಮಾತ್ರೆಗೂ ಮೀರಿ ಹೋಗಿದೆ ಹಾಗಾದ್ರೆ," ಎಂದರು ಹೆಡ್‌ಮಾಸ್ತರು.

ಅಲ್ಲಿಯವರೆಗೆ ಅರ್ಧಂಬರ್ಧ ಧೈರ್ಯದಲ್ಲಿದ್ದ ಚಿಕ್ಕಪ್ಪ ಆಗ ನಿಜವಾಗಿಯೂ ಕುಸಿದು ಕೂತರು. ಆ ಸಂಜೆ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದರು: "ಲೋ, ಅಕ್ಕಂಗೆ ಮಾತ್ರ ಹೇಳ್ಬೇಡ ಕಣೋ."

ಇಲ್ಲಿ ಅಕ್ಕನ ವಿಚಾರ ಹೇಳಬೇಕು. ನಮ್ಮಪ್ಪ ದೊಡ್ಡವರು, ನಡುವೆ ನಮ್ಮ ಅತ್ತೆ, ಕೊನೆಯವರು ಚಿಕ್ಕಪ್ಪ. ಚಿಕ್ಕಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅತ್ತೆಯೇ. ಚಿಕ್ಕಪ್ಪ ಈ ಮನೆಗೆ ಬಂದಾಗ ಅತ್ತೆ ಒಂದು ಉಡುಗೊರೆ ಕೊಟ್ಟರು. ಗಟ್ಟಿ ಸ್ಟೀಲಿನದು, ಮೇಲೆ ಉದ್ದನೆಯ ಹಿಡಿಕೆ. ನಡುವೆ ಅರ್ಧ ಹಣ್ಣು ಇಟ್ಟು ಹಿಡಿಕೆ ಒತ್ತಿದರೆ ಕೆಳಗೆ ರಸ ಸುರಿಯುವಂಥ ಯಂತ್ರ. ಎತ್ತಿದರೆ ತೋಳು ಜಗ್ಗುವಷ್ಟು ಭಾರ. ತಮ್ಮನಿಗೆ ಚಿಕ್ಕಂದಿನಿಂದ ಹಣ್ಣಿನ ರಸವೆಂದರೆ ಪ್ರಾಣ ಎಂದು ಅತ್ತೆ ಅಂಗಡಿ ಅಂಗಡಿ ಅಲೆದು ತಂದಿದ್ದರು. ಚಿಕ್ಕಪ್ಪ ಅದೇನೆಂದು ತಿಳಿಯದೆ ಹಿತ್ತಿಲ ಬಾಗಿಲು ಗಾಳಿಗೆ ಬಡಿಯದಂತೆ ಒತ್ತು ಕೊಟ್ಟಿಟ್ಟರು. ಕೊಟ್ಟವರು ಯಾರೆಂಬುದನ್ನೂ ಕಾಲಕ್ರಮದಲ್ಲಿ ಮರೆತರು.

ವರ್ಷಗಳ ಮೇಲೆ ಅತ್ತೆಯ ಗಂಡ, ಅಂದರೆ ನಮ್ಮ ಮಾವ, ನಿವೃತ್ತರಾದರು. ಅವರ ಬೀಳ್ಕೊಡುಗೆ ಸಭೆಗೆ ಹೊರಡುವ ಹೊತ್ತಿಗೆ ಚಿಕ್ಕಪ್ಪನಿಗೆ ಉಡುಗೊರೆ ತಂದಿಲ್ಲವೆಂದು ನೆನಪಾಯಿತು. ಸುತ್ತ ಕಣ್ಣಾಡಿಸಿದರು. ಬಾಗಿಲ ಒತ್ತು ಕಾಣಿಸಿತು. ತಿಕ್ಕಿ ತೊಳೆದು, ಮಿರಮಿರ ಕಾಗದ ಸುತ್ತಿ ತೆಗೆದುಕೊಂಡು ಹೋದರು. ಸಭೆಯಲ್ಲಿ ಮಾವ ಕಾಗದ ಬಿಚ್ಚಿ, ಯಂತ್ರವನ್ನು ಮಗುಚಿ, ಅಡಿಯಲ್ಲಿ ಕೊರೆಸಿದ್ದ ಅಕ್ಷರವನ್ನು ಎದುರಿಗಿದ್ದ ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಓದಿದರು: "ಪ್ರೀತಿಯ ತಮ್ಮನಿಗೆ, ಅಕ್ಕ." ಓದಿ, "ನಂಗೆ ಅಕ್ಕನೇ ಇಲ್ವಲ್ಲ!" ಎಂದು ಮೈಕಿನಲ್ಲೇ ಆಶ್ಚರ್ಯಪಟ್ಟರು.

ಅವತ್ತಿನಿಂದ ಅತ್ತೆ ಚಿಕ್ಕಪ್ಪನ ಮನೆ ಹೊಸ್ತಿಲು ತುಳಿದಿರಲಿಲ್ಲ. ಚಿಕ್ಕಪ್ಪ ನಾಚಿಕೆಯಿಂದ ಅತ್ತ ಮುಖ ಹಾಕಿರಲಿಲ್ಲ. ಅವನೇ ಬರಲಿ ಎಂದು ಅವರು, ಅವಳೇ ಕರೆಯಲಿ ಎಂದು ಇವರು. ನಮ್ಮಪ್ಪ ಇಬ್ಬರಿಗೂ ಬುದ್ಧಿ ಹೇಳಿ, ಇಬ್ಬರಿಂದಲೂ ಬೈಸಿಕೊಂಡು ಸುಮ್ಮನಾದರು.

"ಹೇಳಲ್ಲ ಬಿಡಿ ಚಿಕ್ಕಪ್ಪ," ಎಂದೆ.

ಅವರು ಬೆರಳು ತಿರುವಿದರು. "ಅವಳ ಫೋನ್ ನಂಬರು ಬದಲಾಗಿದೆಯೋ ಏನೋ."

"ಇಲ್ಲ, ಅದೇ ಇದೆ."

"ಹೌದಾ. ಸಂಜೆ ಹೊತ್ತು ಅವಳು ಮನೇಲೇ ಇರ್ತಾಳೆ. ಆ ಹೊತ್ತಲ್ಲಿ ಅಪ್ಪಿತಪ್ಪಿ ಫೋನ್ ಮಾಡಿಬಿಟ್ಟೀಯ. ಹೇಳ್ಬೇಡ."

ನಾನೂ ದಡ್ಡನಲ್ಲ. ಅವರಿಗೆ ಸಾವಿನ ಭಯಕ್ಕಿಂತ ಹೆಚ್ಚಾಗಿ ಅಕ್ಕ ಬೇಕಾಗಿತ್ತು. ಆ ವಯಸ್ಸಿನ ಮನುಷ್ಯ ಹಿತ್ತಿಲಲ್ಲಿ ಬೆರಳು ತಿರುವುತ್ತಾ ನಿಂತಿದ್ದು ನೋಡಿ ನನಗೆ ಸಂಕಟವಾಯಿತು. ಮೇಲೆ ಹೋಗಿ ಫೋನ್ ಮಾಡಿದೆ.

ಅತ್ತೆ ಮರುದಿನವೇ ಬಂದಿಳಿದರು. ಅವರ ಚೀಲವನ್ನು ಒಳಗೆ ಹೊತ್ತು ತರುವಷ್ಟರಲ್ಲಿ ನನ್ನ ಭುಜ ಕಿತ್ತು ಬಂತು. "ಏನತ್ತೆ, ಕಲ್ಲು ತುಂಬ್ಕೊಂಡು ಬಂದಿದ್ದೀರಾ?" ಎಂದರೆ, "ಬಾಯಿ ಮುಚ್ಕೊಂಡು ಇಳಿಸು," ಎಂದರು. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತರು. ಆಮೇಲೆ ದಾಟಿದರು.

ಚಿಕ್ಕಪ್ಪ ಕುರ್ಚಿಯಿಂದ ಎದ್ದು ನಿಂತರು.  ಅತ್ತೆ, "ಎಷ್ಟು ಸೊರಗಿ ಹೋಗಿದ್ದೀಯೋ!" ಎಂದು ಅವರ ಕೆನ್ನೆ ಸವರಿದರು. ಆ ಕೆನ್ನೆಯಲ್ಲಿ ಸೊರಗುವುದಕ್ಕೆ ಬೇಕಾದಷ್ಟು ಜಾಗವಿತ್ತು, ಆದರೆ ಸೊರಗಿರಲಿಲ್ಲ. ಚಿಕ್ಕಪ್ಪ, "ಹೂಂ ಅಕ್ಕ, ತುಂಬಾ ಸೊರಗಿದ್ದೀನಿ," ಎಂದರು. ಚಿಕ್ಕಮ್ಮ ಅಡುಗೆಮನೆಗೆ ಹೋಗಿ ಪಾತ್ರೆಯೊಂದನ್ನು ಜೋರಾಗಿ ಕುಕ್ಕಿದರು.

ಆಮೇಲಿನ ದಿನಗಳಲ್ಲಿ ಚಿಕ್ಕಪ್ಪನಷ್ಟು ಸುಖವಾಗಿದ್ದ ರೋಗಿಯನ್ನು ನಾನು ನೋಡಿಲ್ಲ. ಅತ್ತೆ ತಲೆಗೆ ಎಣ್ಣೆ ಹಚ್ಚುವರು, ದಿಂಬು ಸರಿ ಮಾಡುವರು, ಚಿಕ್ಕಂದಿನಲ್ಲಿ ಇವರು ಹಣ್ಣು ಕದ್ದು ಸಿಕ್ಕಿಬಿದ್ದ ಕಥೆ ಹೇಳುವರು. ಇಬ್ಬರೂ ನಗುವರು. ನಡುನಡುವೆ ನೆನಪಾದಾಗ ಚಿಕ್ಕಪ್ಪ ಕೆಮ್ಮುವರು.

"ರೀ, ನಿಮಗೆ ಬಂದಿರೋದು ಕೆಮ್ಮಿನ ಕಾಯಿಲೆ ಅಲ್ವಲ್ಲ?" ಎಂದರು ಚಿಕ್ಕಮ್ಮ ಒಮ್ಮೆ.

"ಯಾವುದು ಅಂತ ಯಾರೂ ಹೇಳಿಲ್ವಲ್ಲ ಕಣೇ. ಇದೇ ಇರಬಹುದು."

ಹೀಗಿರುವಾಗ ಒಂದು ಬೆಳಗ್ಗೆ ಗಂಡಾಂತರ ಬಂತು. ಜ್ಯೂಸಣ್ಣ ಚಿಕ್ಕಪ್ಪನ ಮುಖ ದಿಟ್ಟಿಸಿ, ಪಪ್ಪಾಯಿಗೆ ಕೈ ಹಾಕಿದ.

"ಏಯ್, ಏಯ್!" ಎಂದು ಚಿಕ್ಕಪ್ಪ ಅವನ ಕೈ ಹಿಡಿದರು. "ಏನು ಮಾಡ್ತಿದ್ದೀಯ?"

"ಪಪ್ಪಾಯಿ ಸಾರ್."

"ಸರಿಯಾಗಿ ನೋಡಪ್ಪ ನನ್ನ ಮುಖಾನ. ನಂಗೆ ದಾಳಿಂಬೆ."

"ದಾಳಿಂಬೆ ಮುಗಿದೋಯ್ತು ಸಾರ್."

ದರ್ಜಿ ಅಂಗಡಿಯೊಳಗಿಂದಲೇ ನೋಡುತ್ತಿದ್ದ. ಪಪ್ಪಾಯಿ ಗ್ಲಾಸು ಕೈಗೆ ಬಂದರೆ ಅವನು ಓಡಿಹೋಗಿ ಅತ್ತೆಗೆ ಶುಭ ಸುದ್ದಿ ಹೇಳುವುದು ಖಂಡಿತ. ತಮ್ಮ ಹುಷಾರಾದ ಎಂದರೆ ಅಕ್ಕ ಚೀಲ ಕಟ್ಟುವುದೂ ಖಂಡಿತ. ಚಿಕ್ಕಪ್ಪ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು.

"ಮಾರುಕಟ್ಟೆಗೆ ಓಡು. ದಾಳಿಂಬೆ ತಗೊಂಡು ಬಾ. ಚೀಲದಲ್ಲಿ ಮುಚ್ಚಿ ತಾ, ಯಾರಿಗೂ ಕಾಣಬಾರದು. ಇವನ ಬುಟ್ಟಿಗೆ ಹಾಕಿಬಿಡೋಣ."

"ಚಿಕ್ಕಪ್ಪ, ನೀವು ಹುಷಾರಾಗಿದ್ದೀರಿ. ಒಳ್ಳೇದಲ್ವಾ?"

"ಒಳ್ಳೇದೇನೋ? ಅವಳು ಹೊರಟುಹೋಗ್ತಾಳೆ ಕಣೋ! ಇಷ್ಟು ವರ್ಷ ಆದ್ಮೇಲೆ ಬಂದಿದ್ದಾಳೆ. ಹುಷಾರಾಗೋದು ಯಾವಾಗ ಬೇಕಾದ್ರೂ ಆಗಬಹುದು."

ಹೀಗೆ ಜಗತ್ತಿನಲ್ಲಿ ಮೊದಲ ಸಲ ಒಬ್ಬ ರೋಗಿ ತನ್ನ ಕಾಯಿಲೆಯನ್ನು ತಾನೇ ಮಾರುಕಟ್ಟೆಯಿಂದ ತರಿಸಿಕೊಳ್ಳತೊಡಗಿದ. ಬೆಳಗ್ಗೆ ಬೆಳಕು ಹರಿಯುವ ಮುಂಚೆ ನಾನು ಹೋಗಿ ಜ್ಯೂಸಣ್ಣನ ಬುಟ್ಟಿಗೆ ದಾಳಿಂಬೆ ಹಾಕಿ ಬರುವುದು. ಚಿಕ್ಕಪ್ಪ ಬಂದು ಬೀದಿಯೆದುರು ಅದನ್ನೇ ಕುಡಿದು ನಿಟ್ಟುಸಿರು ಬಿಡುವುದು. ಜ್ಯೂಸಣ್ಣ ಒಂದು ಮಾತೂ ಕೇಳಲಿಲ್ಲ. ಅವನ ಸ್ವಭಾವವೇ ಹಾಗೆ.

ಆದರೆ ಅತ್ತೆ ಕೇಳುವವರು. ಒಂದು ಸಂಜೆ ಸೀರೆಯ ಸೆರಗು ಬಿಗಿದು, "ನಡಿಯೋ, ಆ ಜ್ಯೂಸಿನೋನ್ನ ತೋರ್ಸು. ನನ್ನ ತಮ್ಮನ ಒಳಗೆ ಏನು ಕಂಡ ಅಂತ ಅವನ ಬಾಯಿಂದಲೇ ಕೇಳ್ಬೇಕು," ಎಂದು ಹೊರಟೇಬಿಟ್ಟರು. ನಾನು ಹಿಂದೆ ಹೆಜ್ಜೆ ಎಳೆದುಕೊಂಡು ಹೋದೆ. ಅಂಗಡಿಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ.

"ನೋಡಪ್ಪ," ಎಂದರು ಅತ್ತೆ. "ನಾನು ಅವನ ಅಕ್ಕ. ಮುಚ್ಚುಮರೆ ಮಾಡ್ಬೇಡ. ಅವನಿಗೆ ಯಾಕೆ ದಾಳಿಂಬೆ ಕೊಟ್ಟೆ?"

ಜ್ಯೂಸಣ್ಣ ಕಣ್ಣು ಕಿರಿದು ಮಾಡಿ ಅತ್ತೆಯನ್ನು ದಿಟ್ಟಿಸಿದ. 

"ಬುಟ್ಟಿ ಉರುಳಿಬಿತ್ತು ಅಮ್ಮಾ."

"ಏನು?"

"ದಾಳಿಂಬೆ ಬುಟ್ಟಿ ಗಾಡಿಯಿಂದ ಉರುಳಿಬಿತ್ತು. ಹಣ್ಣೆಲ್ಲ ಬಿರುಕು ಬಿಟ್ವು. ಬಿರುಕು ಬಿಟ್ಟಿದ್ದು ಇಟ್ರೆ ಕೆಡುತ್ತೆ, ಬೇಗ ಖಾಲಿ ಮಾಡ್ಬೇಕು. ಆ ಸಾರು ಬೆಳಗ್ಗೆ ಎಲ್ಲರಿಗಿಂತ ಮೊದ್ಲು ಬರ್ತಾರೆ. ಮೊದ್ಲು ಬಂದೋರಿಗೆ ಮೊದ್ಲು ಕೆಡೋ ಹಣ್ಣು ಕೊಡ್ತೀನಿ. ಅಂಗಡಿ ಹಾಕಿದಾಗಿಂದ ನಂದು ಇದೇ ಲೆಕ್ಕ."

"ಮತ್ತೆ ಮುಖ ನೋಡ್ತೀಯಂತಲ್ಲ?"

"ಕಣ್ಣು ಮಂಜು ಅಮ್ಮಾ. ಯಾರು ಬಂದ್ರು ಅಂತ ನೋಡ್ತೀನಿ. ಆ ಸಾರು ಒಂದಿನ ಹೊಸ ಅಂಗಿ ಹಾಕ್ಕೊಂಡು ಬಂದಾಗ ಗುರುತೇ ಸಿಕ್ಕಿರ್ಲಿಲ್ಲ. ಯಾರೋ ಹೊಸಬರು ಅಂತ ದೊಡ್ಡ ಗ್ಲಾಸಲ್ಲಿ ಕೊಟ್ಟೆ." ನನ್ನ ಕಡೆ ತಿರುಗಿದ. "ಈಗ ಇವರೇ ಬೆಳಗಾಗೋ ಮುಂಚೆ ಹಣ್ಣು ತಂದು ನನ್ನ ಬುಟ್ಟೀಲಿ ಹಾಕಿ ಹೋಗ್ತಾರೆ. ಯಾಕೆ ಅಂತ ನಂಗಂತೂ ಗೊತ್ತಿಲ್ಲ. ಕೇಳೋದು ಮರ್ಯಾದೆ ಅಲ್ಲ ಅಂತ ಬಿಟ್ಟಿದ್ದೀನಿ."

ಅತ್ತೆ ನನ್ನತ್ತ ನೋಡಿದರು. ನಾನು ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಹಿತ್ತಿಲಲ್ಲಿ ಹೇಳ್ಬೇಡ ಹೇಳ್ಬೇಡ ಎಂದು ಹೇಳಿಸಿದ್ದು, ಪಪ್ಪಾಯಿಗೆ ಹೆದರಿದ್ದು, ಮಾರುಕಟ್ಟೆಗೆ ಓಡಿಸಿದ್ದು, ಎಲ್ಲ. ಅತ್ತೆ ಮೊದಲು ಬಾಯಿಗೆ ಸೆರಗು ಅಡ್ಡ ಹಿಡಿದರು. ಆಮೇಲೆ ಖಾಲಿ ಹಣ್ಣಿನ ಪೆಟ್ಟಿಗೆಯ ಮೇಲೆ ಕೂತು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆ ನೀರಿನಲ್ಲಿ ಸ್ವಲ್ಪ ನಗುವಿನದ್ದಾಗಿರಲಿಲ್ಲ. ಜ್ಯೂಸಣ್ಣ ಏನೂ ತಿಳಿಯದೆ ಒಂದು ಗ್ಲಾಸು ಕಲ್ಲಂಗಡಿ ರಸ ಕೊಟ್ಟ. ಸಂಜೆ ಹೊತ್ತಿಗೆ ಕೆಡುವುದರಲ್ಲಿದ್ದದ್ದು ಅದೇ ಇರಬೇಕು.

ವಾಪಸು ಬರುವಾಗ ಅತ್ತೆ ಅಂದರು: "ಮನೇಲಿ ಹೇಳ್ಬೇಡ."

"ಯಾಕತ್ತೆ? ನಿಜ ಗೊತ್ತಾಯ್ತಲ್ಲ."

"ಗೊತ್ತಾಯ್ತು ಅಂದ್ರೆ ನಾನು ಹೊರಡಬೇಕಾಗುತ್ತಲ್ಲೋ," ಎಂದರು ಅತ್ತೆ, ಬೇರೆ ಕಡೆ ನೋಡುತ್ತಾ.

ನನ್ನ ಸ್ಥಿತಿ ಯೋಚಿಸಿ. ಕೆಳಗಿನ ಕೋಣೆಯಲ್ಲಿ ಏನೂ ಆಗದ ತಮ್ಮ, ಅಕ್ಕ ಇರಲಿ ಎಂದು ನರಳುತ್ತಾನೆ. ಪಕ್ಕದಲ್ಲಿ ಎಲ್ಲ ಗೊತ್ತಿರುವ ಅಕ್ಕ, ತಾನು ಇರಬೇಕೆಂದು ಅಯ್ಯೋ ಪಾಪ ಎನ್ನುತ್ತಾಳೆ. ಎರಡೂ ಕಡೆಯ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ನಾನು ಇಬ್ಬರಿಗೂ ನೀರು ತಂದುಕೊಡುತ್ತೇನೆ. ನಿಜವಾಗಿ ಸೊರಗಿದವನು ಯಾರಾದರೂ ಇದ್ದರೆ ಅದು ನಾನೇ. ಬೆಳಗಿನ ಜಾವದ ಮಾರುಕಟ್ಟೆ ಓಡಾಟ ಬೇರೆ.

ಕೊನೆಗೆ ತಾಳ್ಮೆ ಕಳೆದುಕೊಂಡವರು ಚಿಕ್ಕಮ್ಮ. ಒಂದು ರಜಾದಿನ ಬೆಳಗ್ಗೆ ನಾನು ಮಾರುಕಟ್ಟೆಯಿಂದ ತಂದ ದಾಳಿಂಬೆ ಚೀಲ ಮುಚ್ಚಿಕೊಂಡು ಹೊರಡುವಾಗ ಬಾಗಿಲಿಗೆ ಅಡ್ಡ ನಿಂತರು. "ಸಾಕು. ದಾಳಿಂಬೆ ಕುಡಿಯೋದೇ ಆದ್ರೆ ಮನೇಲೇ ಕುಡೀರಿ. ಬೀದಿಯೋರಿಗೆ ತಮಾಷೆ ಬೇಡ. ಹಿಂಡೋಕೆ ಏನಾದ್ರೂ ಒಂದು ತಗೊಂಡ್ರಾಯ್ತು."

"ತಗೊಳ್ಳೋದೇನೂ ಬೇಡ," ಎಂದರು ಅತ್ತೆ.

ಅವರು ಒಳಗೆ ಹೋಗಿ, ಬಂದ ದಿನದಿಂದ ಮಂಚದ ಕೆಳಗೇ ಇದ್ದ ಆ ಚೀಲವನ್ನು ಎರಡೂ ಕೈಯಲ್ಲಿ ಎಳೆದು ತಂದರು. ಸೀರೆಗಳನ್ನೆಲ್ಲ ಮೇಲೆತ್ತಿ, ಅಡಿಯಿಂದ ಒಂದು ವಸ್ತು ತೆಗೆದು ಊಟದ ಮೇಜಿನ ಮೇಲಿಟ್ಟರು. ಸ್ಟೀಲಿನದು. ಮೇಲೆ ಉದ್ದನೆಯ ಹಿಡಿಕೆ. ನನ್ನ ಭುಜ ಯಾಕೆ ಕಿತ್ತುಬಂದಿತ್ತು ಎಂದು ನನಗೆ ಆಗ ತಿಳಿಯಿತು.

 ಚಿಕ್ಕಪ್ಪನ ಮುಖ ನಿಜವಾಗಿಯೂ ಬಿಳಿಚಿಕೊಂಡಿತು. ಹತ್ತಿರ ಬಂದರು. ಹಿಡಿಕೆ ಮುಟ್ಟಿ ನೋಡಿದರು. ಮೆಲ್ಲಗೆ ಅದನ್ನು ಮಗುಚಿದರು.

ಅಡಿಯಲ್ಲಿ ಹಳೆಯ ಸಾಲು ಹಾಗೇ ಇತ್ತು: ಪ್ರೀತಿಯ ತಮ್ಮನಿಗೆ, ಅಕ್ಕ. ಅದರ ಕೆಳಗೆ ಇನ್ನೊಂದು ಸಾಲು: ಎರಡನೇ ಸಲ ಕೊಡುತ್ತಿದ್ದೇನೆ. ಬಾಗಿಲಿಗೆ ಇಡಬೇಡ.

ಆ ಸಾಲೂ ಹೊಸದಾಗಿರಲಿಲ್ಲ. ಅಕ್ಷರಗಳೊಳಗೆ ಧೂಳು ಕೂತು ಕಪ್ಪಾಗಿತ್ತು.

"ಇದು ಯಾವಾಗ ಕೊರೆಸಿದ್ದು ಅಕ್ಕ?"

"ಆವಾಗಲೇ. ನಿನ್ನ ಭಾವನ ಸಭೆ ಮುಗಿದ ವಾರವೇ." ಅತ್ತೆ ದಾಳಿಂಬೆ ಕೊಯ್ಯುತ್ತಾ ತಲೆ ಎತ್ತದೆ ಹೇಳಿದರು. "ನೀನು ಬರ್ತೀಯ, ನಾಲ್ಕು ಬೈದು ಕೊಟ್ಟು ಕಳಿಸೋಣ ಅಂತ ಇಟ್ಕೊಂಡಿದ್ದೆ. ನೀನು ಬರ್ಲೇ ಇಲ್ಲ."

ಚಿಕ್ಕಪ್ಪನ ಗಂಟಲು ಕಟ್ಟಿತು. ಈ ಸಲ ಯಾವ ಅನಾನಸ್ಸಿಗೂ ಬಿಡುವಂಥದ್ದಲ್ಲ. ಅವರು ಅರ್ಧ ಹಣ್ಣನ್ನು ಯಂತ್ರದಲ್ಲಿಟ್ಟು ಹಿಡಿಕೆಯ ಮೇಲೆ ಮೈಭಾರವೆಲ್ಲ ಹಾಕಿ ಒತ್ತಿದರು. ರಸ ಸ್ವಲ್ಪ ಗ್ಲಾಸಿಗೆ ಬಂತು. ಉಳಿದದ್ದು ಗೋಡೆಗೆ, ಅಂಗಿಗೆ, ಚಿಕ್ಕಮ್ಮನ ಹಣೆಗೆ ಹಾರಿತು.

"ಸುಣ್ಣ ಹೊಡೆಸಿ ಇನ್ನೂ ತಿಂಗಳಾಗಿಲ್ಲಾರೀ!" ಎಂದು ಚಿಕ್ಕಮ್ಮ ಕೂಗಿದರು.

ಅತ್ತೆ ಗ್ಲಾಸನ್ನು ತಮ್ಮನ ಮುಂದೆ ಹಿಡಿದರು. ಚಿಕ್ಕಪ್ಪ ತೆಗೆದುಕೊಳ್ಳಲಿಲ್ಲ. ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ, "ಅಕ್ಕ, ನಂಗೆ ಏನೂ ಆಗಿಲ್ಲ," ಎಂದರು.

"ಗೊತ್ತು ಕಣೋ. ಕುಡಿ."

ಚಿಕ್ಕಪ್ಪ ಕುಡಿದರು. ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡರು, ಅದೇ ತೋಳಿನಿಂದ ಕಣ್ಣೂ ಒರೆಸಿಕೊಂಡರು.

"ಇನ್ನೆಷ್ಟು ದಿನ ಇರ್ತೀಯ?"

ಅತ್ತೆ ದಾಳಿಂಬೆ ಚೀಲದೊಳಗೆ ಇಣುಕಿ ನೋಡಿದರು. "ಮನೇಲಿ ಹಣ್ಣಿರೋವರೆಗೆ ಇರ್ತೀನಿ."

ಚೀಲದಲ್ಲಿ ಉಳಿದದ್ದು ಎರಡೋ ಮೂರೋ. ಚಿಕ್ಕಪ್ಪ ನನ್ನ ಕಡೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ನಾನು ಚಪ್ಪಲಿ ಮೆಟ್ಟಿಕೊಂಡು ಮಾರುಕಟ್ಟೆಗೆ ಹೊರಟೆ.